ಆಟಕ್ಕುಂಟು, ಲೆಕ್ಕಕ್ಕಿಲ್ಲ

ಪ್ರೀತಿಯ ಗೆಳೆಯ,

ನಿನ್ನ ಅನುವಾದ ಅರ್ಧ ದಾರಿ ದಾಟಿದೆ ಎಂದು ತಿಳಿದು ಸಂತೋಷವಾಯಿತು. ಹೇಳಹೆಸರಿಲ್ಲದ ಮನುಷ್ಯನನ್ನು ಕರೆಯಲು ಇಂಗ್ಲಿಷಿನಲ್ಲಿ ರಾಶಿ ಪದಗಳಿವೆ, ಕನ್ನಡದಲ್ಲಿ 'ಯಃಕಶ್ಚಿತ್' ಬಿಟ್ಟರೆ ಇನ್ನೇನಿದೆ ಎಂದು ಕೇಳಿದ್ದೀಯೆ. ನಮ್ಮಲ್ಲೇನೂ ಬರವಿಲ್ಲ. ಹುಲುಮಾನವ, ಕಾಲಕಸ, ಕವಡೆ ಕಾಸಿನ ಕಿಮ್ಮತ್ತಿಲ್ಲದವ, ಆಟಕ್ಕುಂಟು ಲೆಕ್ಕಕ್ಕಿಲ್ಲದವ, ಹೀಗೆ ಬೇಕಾದಷ್ಟಿವೆ. ಆದರೆ ಪದಕ್ಕೆ ಪದ ಹೊಂದಿಸುವ ಮೊದಲು, ನೀನು ಕಳುಹಿಸಿದ ಪಟ್ಟಿಯ ಇಂಗ್ಲಿಷ್ ಪದಗಳು ಮೊದಲು ಯಾರ ಹೆಸರಾಗಿದ್ದವು ಎಂಬುದನ್ನು ನೋಡು. ಒಂದಾದ ಮೇಲೊಂದರಂತೆ ದುಡಿಯುವವರೇ ಸಿಗುತ್ತಾರೆ. ಉಳುವವನು, ನಡೆಯುವವನು, ಹೊರುವವನು. ಇದು ನನ್ನನ್ನು ಬಹಳ ಕಾಡಿದೆ. ಅದಕ್ಕೇ ಇಷ್ಟುದ್ದದ ಪತ್ರ.

ನಮ್ಮ ಸಿನಿಮಾದವರಿಗೆಲ್ಲ ಗೊತ್ತಿರುವ 'ವಿಲನ್'ನನ್ನೇ ತೆಗೆದುಕೋ. ಲ್ಯಾಟಿನ್ನಿನಲ್ಲಿ ವಿಲ್ಲಾ ಎಂದರೆ ಹೊಲಗದ್ದೆಗಳಿದ್ದ ಧಣಿಯ ಮನೆ, ಅದಕ್ಕೆ ಸೇರಿದ ಜಮೀನಿನಲ್ಲಿ ದುಡಿಯುವವನು ವಿಲ್ಲಾನಸ್. 1086ರಲ್ಲಿ ಇಂಗ್ಲೆಂಡಿನ ದೊರೆ ಮೊದಲನೇ ವಿಲಿಯಂ ತನ್ನ ರಾಜ್ಯದ ಆಸ್ತಿಪಾಸ್ತಿಯನ್ನೆಲ್ಲ ಬರೆಸಿದ. ಅದೇ ಡೂಮ್ಸ್‌ಡೇ ಪುಸ್ತಕ. ಒಂದೊಂದು ಊರಿಗೆ ಕೆಲವೇ ಸಾಲು. ಜಮೀನು ಯಾರದು, ನೇಗಿಲೆಷ್ಟು, ಗಿರಣಿ ಎಷ್ಟು, ಕಾಡು ಎಷ್ಟು ಹಂದಿ ಮೇಯುವಷ್ಟಿದೆ, ಎಲ್ಲವೂ ಅದರಲ್ಲಿದೆ. ಒಡೆಯನ ಹೆಸರಿದೆ. ವಿಲ್ಲಾನಸ್‌ಗಳು ಮಾತ್ರ ಹತ್ತು, ಹನ್ನೆರಡು ಎಂಬ ಬರಿಯ ಸಂಖ್ಯೆ. ಆ ಪುಸ್ತಕ ಎಣಿಸಿದ ಜನರಲ್ಲಿ ಅವರದೇ ಅತಿ ದೊಡ್ಡ ಗುಂಪು, ನಾಡಿಗೆ ಅನ್ನ ಹಾಕಿದವರೂ ಅವರೇ. ಒಬ್ಬೊಬ್ಬನಿಗೂ ಹೆಂಡತಿ ಮಕ್ಕಳು ಕೂಗುವ ಒಂದು ಹೆಸರು ಇತ್ತಲ್ಲವೇ? ಬರೆಯುವವನ ಕೈಗೆ ಅದು ಬೇಕಾಗಲಿಲ್ಲ. ನಮ್ಮ ಗಾದೆ ಇಲ್ಲಿ ತಿರುವುಮುರುವಾಗಿದೆ: ಲೆಕ್ಕಕ್ಕುಂಟು, ಹೆಸರಿಗಿಲ್ಲ.

ಮುಂದೆ ಆದದ್ದು ಇನ್ನೂ ಕೆಟ್ಟದ್ದು. ಉಳುವವನ ಹೆಸರು ಮೊದಲು 'ಒರಟ' ಎಂದಾಯಿತು, ಆಮೇಲೆ 'ನೀಚ', ಕೊನೆಗೆ 'ದುಷ್ಟ'. ಚರ್ಲ್ ಎಂಬ ಪದದ ಗತಿಯೂ ಇದೇ. ಅದು ಹಳೆಯ ಇಂಗ್ಲಿಷಿನಲ್ಲಿ ಸ್ವತಂತ್ರ ರೈತನ ಹೆಸರಾಗಿತ್ತು, ಈಗ ಒರಟನಿಗೆ ಹೇಳುವ ಮಾತು. ಡಚ್ಚರ ರೈತ ಇಂಗ್ಲಿಷಿಗೆ ಬಂದು ಸಭ್ಯತೆ ಅರಿಯದ 'ಬೂರ್' ಆದ. ಲೇಖನಿ ಹಿಡಿದವರು ಒಬ್ಬರು, ನೇಗಿಲು ಹಿಡಿದವರು ಇನ್ನೊಬ್ಬರು, ಅದಕ್ಕೇ ಹೀಗಾಯಿತು ಎಂಬುದು ನನ್ನ ಗಟ್ಟಿ ನಂಬಿಕೆ. ನಾವೂ ಇದಕ್ಕೆ ಹೊರತಲ್ಲ. ನೀನು ಎರಡು ಕಡೆ ಬಳಸಿರುವ 'ಗಮಾರ' ಗ್ರಾಮದಿಂದಲೇ ಹುಟ್ಟಿದ ಪದ. ದಯವಿಟ್ಟು ತೆಗೆದುಬಿಡು.

ನಡೆಯುವವರ ಕಥೆ ಚದುರಂಗದಲ್ಲಿದೆ. 'ಪಾನ್' ಎಂಬ ಕಾಯಿಯೂ ಕಚೇರಿಯ 'ಪ್ಯೂನ್' ಕೂಡ ಒಂದೇ ಬೇರಿನವರು. ಕುದುರೆಯಿಲ್ಲದೆ ಕಾಲ್ನಡಿಗೆಯಲ್ಲಿ ಯುದ್ಧಕ್ಕೆ ಹೋಗುವ ಸೈನಿಕ ಎಂಬುದು ಎರಡರ ಮೂಲ. ಪಾನ್ ಫ್ರೆಂಚರ ಮೂಲಕ ಇಂಗ್ಲಿಷಿಗೆ ಬಂತು, ಪ್ಯೂನ್ ಪೋರ್ಚುಗೀಸರ ಜೊತೆ ಹಡಗಿನಲ್ಲಿ ನಮ್ಮ ತೀರಕ್ಕೆ ಬಂತು. ಅಮೆರಿಕ ಖಂಡದಲ್ಲಿ ಅದೇ ಪದ ಸಾಲಕ್ಕೆ ಜೀತ ಮಾಡುವವನ ಹೆಸರಾಯಿತು. ಆ ಪದ್ಧತಿಯನ್ನು ನಿಷೇಧಿಸಲು ಅಮೆರಿಕ 1867ರಲ್ಲಿ ಕಾನೂನು ಮಾಡಬೇಕಾಯಿತು. ನಮ್ಮ 'ಪೇದೆ'ಯೂ ಪರ್ಷಿಯನ್ ಭಾಷೆಯ ಕಾಲಾಳೇ, ಚದುರಂಗದ ಮಣೆಯ ಮೇಲೂ ಪೊಲೀಸ್ ಠಾಣೆಯಲ್ಲೂ. ಅದೇ ಠಾಣೆಯಲ್ಲಿ ಅವನ ಇನ್ನೊಂದು ಹೆಸರು ಕಾನ್‌ಸ್ಟೆಬಲ್. ಅದರ ಮೂಲ ಅರ್ಥ ಅರಸನ ಕುದುರೆಲಾಯದ ಅಧಿಕಾರಿ, ಹಳೆಯ ಫ್ರಾನ್ಸಿನಲ್ಲಿ ಆ ಬಿರುದು ಹೊತ್ತವನು ಇಡೀ ಸೈನ್ಯದ ದಂಡನಾಯಕ. ಬಿಸಿಲಲ್ಲಿ ವೃತ್ತದ ನಡುವೆ ನಿಂತ ಒಬ್ಬನೇ ಮನುಷ್ಯನಿಗೆ ಈ ಎರಡೂ ಹೆಸರು.

ವಸ್ತುಗಳ ವಿಷಯ ಬೇಗ ಮುಗಿಸುತ್ತೇನೆ, ಅಲ್ಲಿ ಯಾರ ಮನಸ್ಸೂ ನೋಯುವುದಿಲ್ಲ. ಕ್ಷುಲ್ಲಕ ಎನ್ನಲು ಅಮೆರಿಕದವರು ಹೇಳುವ 'ಪಿಕಯೂನ್' ಲೂಸಿಯಾನದಲ್ಲಿ ಚಲಾವಣೆಯಲ್ಲಿದ್ದ ಒಂದು ಸಣ್ಣ ಸ್ಪ್ಯಾನಿಷ್ ನಾಣ್ಯ. 1837ರಲ್ಲಿ ನ್ಯೂ ಆರ್ಲಿಯನ್ಸಿನಲ್ಲಿ ಶುರುವಾದ ಪತ್ರಿಕೆಯೊಂದರ ಬೆಲೆ ಒಂದು ಪಿಕಯೂನ್, ಅದೇ ಅದರ ಹೆಸರೂ ಆಯಿತು. ನಮ್ಮ ಕಾಸು, ಕವಡೆ, ಚಿಲ್ಲರೆ ಎಲ್ಲವೂ ಇದೇ ಜಾಡಿನವು. ಧಾರಾಳವಾಗಿ ಬಳಸು.

ನಿನ್ನ ಪಟ್ಟಿಯ ಕೊನೆಯ ಎರಡು ಪದಗಳ ಬಗ್ಗೆ ಮಾತ್ರ ಕೈಮುಗಿದು ಕೇಳುತ್ತೇನೆ, ಅವಸರ ಮಾಡಬೇಡ. ಒಂದು, 'ಕೂಲಿ'. ಕೂಲಿನಾಲಿ ಮಾಡಿ ಮಕ್ಕಳನ್ನು ಓದಿಸಿದರು ಎಂದು ನಾವು ಗೌರವದಿಂದಲೇ ಹೇಳುತ್ತೇವೆ. ದಕ್ಷಿಣ ಆಫ್ರಿಕಾದ ಬಿಳಿಯರ ಬಾಯಲ್ಲಿ ಅದು ಭಾರತೀಯರೆಲ್ಲರಿಗೂ ಅಂಟಿಸಿದ ಬೈಗುಳ. 1893ರಲ್ಲಿ ಅಲ್ಲಿಗೆ ಹೋದ ಗಾಂಧೀಜಿಯೂ 'ಕೂಲಿ ಬ್ಯಾರಿಸ್ಟರ್' ಎನ್ನಿಸಿಕೊಂಡರು. ನಿನ್ನ ಕಾದಂಬರಿಯ ತೋಟದ ಮಾಲೀಕ ಆ ಪದವನ್ನು ಉಗುಳುವಂತೆ ಹೇಳುತ್ತಾನೆ. ಕನ್ನಡದಲ್ಲಿ ಬರಿಯ 'ಕೂಲಿ' ಎಂದು ಬರೆದರೆ ಆ ವಿಷ ಇಳಿಯುವುದಿಲ್ಲ. 'ಕೂಲಿ ನಾಯಿ' ಎಂದು ಬರೆ, ಅವನ ಬಾಯಿ ಎಂಥದ್ದೆಂದು ಓದುಗರಿಗೆ ತಿಳಿಯಲಿ.

ಎರಡನೆಯದು 'ಪರಾಯ'. ಎಲ್ಲರೂ ದೂರವಿಟ್ಟವನು ಎಂಬ ಅರ್ಥದಲ್ಲಿ ಇಂಗ್ಲಿಷ್ ಪತ್ರಿಕೆಗಳು ಅದನ್ನು ಇಂದಿಗೂ ಬರೆಯುತ್ತವೆ, ದೇಶಗಳಿಗೂ ಹಚ್ಚುತ್ತವೆ, ಬೀದಿನಾಯಿಗೂ ಹಚ್ಚುತ್ತವೆ. ಅದು ಪರೈ ಎಂಬ ವಾದ್ಯದೊಂದಿಗೆ ಬೆಸೆದುಕೊಂಡ ತಮಿಳುನಾಡಿನ ಒಂದು ಸಮುದಾಯದ ಹೆಸರು. ಆ ಹೆಸರು ಹೊತ್ತು ಬದುಕುತ್ತಿರುವ ಜನ ನಮ್ಮ ನೆರೆಯಲ್ಲೇ ಇದ್ದಾರೆ. ಜಾತಿಯ ಹೆಸರನ್ನು ಬೈಗುಳ ಮಾಡಿಕೊಂಡವರು ನಮ್ಮಲ್ಲೂ ಕಡಿಮೆಯಿಲ್ಲ, ನಿನ್ನ ಪುಸ್ತಕ ಆ ಸಾಲಿಗೆ ಸೇರಬಾರದು. 'ಬಹಿಷ್ಕೃತ' ಎಂದು ಬರೆ. ಅಂಬೇಡ್ಕರರು 1927ರಲ್ಲಿ ತಮ್ಮ ಪತ್ರಿಕೆಗೆ 'ಬಹಿಷ್ಕೃತ ಭಾರತ' ಎಂದು ಹೆಸರಿಟ್ಟರು. ಹೊರಗಿಟ್ಟವರು ಯಾರು ಎಂಬ ಪ್ರಶ್ನೆ ಆ ಪದದ ಒಳಗೇ ಇದೆ.

ಇನ್ನು ನಾಟಕಶಾಲೆಯ ದೃಶ್ಯದಲ್ಲಿ ಬರುವ 'ಗ್ರೌಂಡ್ಲಿಂಗ್'. ಲಂಡನ್ನಿನ ಗ್ಲೋಬ್ ರಂಗಮಂದಿರದಲ್ಲಿ ಒಂದು ಪೆನ್ನಿ ಕೊಟ್ಟು, ಬಯಲಲ್ಲಿ ನಿಂತು ನಾಟಕ ನೋಡುತ್ತಿದ್ದವರನ್ನು ಹಾಗೆ ಕರೆಯುತ್ತಿದ್ದರು. ನಿನ್ನಲ್ಲಿ ಅದನ್ನು ಆಡುವುದು ಈ ಕಾಲದ ಪಾತ್ರವಾದ್ದರಿಂದ 'ಗಾಂಧಿ ಕ್ಲಾಸಿನವರು' ಎಂದರೆ ಸಾಕು. ಪರದೆಯ ಮುಂದಿನ ಆ ಸಾಲಿನಲ್ಲಿ ಕುಳಿತು ಶಿಳ್ಳೆ ಹೊಡೆದವರೇ ಎಷ್ಟೋ ಚಿತ್ರಗಳನ್ನು ಗೆಲ್ಲಿಸಿದವರು. ಅಡಿಟಿಪ್ಪಣಿ ಬೇಡವೇ ಬೇಡ. ತಿದ್ದಿದ ಪುಟಗಳನ್ನು ಹಬ್ಬಕ್ಕೆ ಮುಂಚೆ ಕಳುಹಿಸು, ಪೆನ್ಸಿಲ್ ಹಿಡಿದು ಕಾಯುತ್ತಿದ್ದೇನೆ.

ಇಂತಿ ನಿನ್ನ ಗೆಳೆಯ