ಅಮೀರ್‌ಬಾಯಿ ಕರ್ನಾಟಕಿ ಅವರ ಹೆಸರನ್ನೂ ಹೇಳಲಿ

ಮಾನ್ಯ ಸಂಪಾದಕರೇ,

ಈಚೆಗೆ ಬಾನುಲಿ ಕೇಂದ್ರವೊಂದು ಪ್ರಸಾರ ಮಾಡಿದ ಹಳೆಯ ಹಿಂದಿ ಚಿತ್ರಗೀತೆಗಳ ಕಾರ್ಯಕ್ರಮದಲ್ಲಿ 1950ರ ‘ಸಮಾಧಿ’ ಚಿತ್ರದ ‘ಗೋರೆ ಗೋರೆ’ ಹಾಡನ್ನು ಕೇಳಿಸಿದರು. ಗಾಯಕಿ ಲತಾ ಮಂಗೇಶ್ಕರ್ ಎಂದಷ್ಟೇ ಹೇಳಿ ಮುಂದಿನ ಹಾಡಿಗೆ ಹೋದರು. ಅದು ಇಬ್ಬರು ಸೇರಿ ಹಾಡಿದ ಹಾಡು. ಲತಾ ಅವರ ತೆಳುವಾದ ಎಳೆಯ ದನಿ ‘ಗೋರೆ ಗೋರೆ’ ಎಂದು ಕರೆದಾಗ ‘ಗೋರಿ ಗೋರಿ’ ಎಂದು ಓಗೊಡುವ ತುಂಬುಕಂಠ ಅಮೀರ್‌ಬಾಯಿ ಕರ್ನಾಟಕಿ ಅವರದು. ಈಗಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯಲ್ಲಿ ಹುಟ್ಟಿ, ‘ಕನ್ನಡ ಕೋಗಿಲೆ’ ಎಂದು ಕರೆಸಿಕೊಂಡ ಗಾಯಕಿಯ ಹೆಸರು ಕರ್ನಾಟಕದ ಕೇಳುಗರಿಗಾಗಿ ನಡೆಯುವ ಕಾರ್ಯಕ್ರಮದಲ್ಲೇ ಬಿಟ್ಟುಹೋದದ್ದು ನನಗೆ ಬಹಳ ನೋವು ತಂದಿತು.

ಲತಾ ಅವರ ಹಿರಿಮೆಯ ಬಗ್ಗೆ ಎರಡು ಮಾತಿಲ್ಲ. ಆದರೆ ಅವರು ಪ್ರಸಿದ್ಧಿಗೆ ಬರುವ ಮೊದಲಿನ ಹತ್ತು ವರ್ಷಗಳಲ್ಲಿ ಮುಂಬಯಿಯ ಚಿತ್ರಸಂಗೀತವನ್ನು ಆಳಿದ ಕೆಲವೇ ದನಿಗಳಲ್ಲಿ ಅಮೀರ್‌ಬಾಯಿಯವರದೂ ಒಂದು. 1940ರ ‘ನರಸಿ ಭಗತ್’ ಚಿತ್ರಕ್ಕಾಗಿ ಅವರು ಹಾಡಿದ ‘ವೈಷ್ಣವ ಜನ ತೋ’ ಗಾಂಧೀಜಿಯವರಿಗೆ ಮೆಚ್ಚುಗೆಯಾಗಿತ್ತು ಎನ್ನುತ್ತಾರೆ. 1943ರ ‘ಕಿಸ್ಮತ್’ ಕಲ್ಕತ್ತಾದ ರಾಕ್ಸಿ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಮೇಲ್ಪಟ್ಟು ನಡೆಯಿತು. ಅನಿಲ್ ಬಿಸ್ವಾಸ್ ಸಂಗೀತ ನೀಡಿದ ಆ ಚಿತ್ರದಲ್ಲಿ ನಾಯಕಿ ಮುಮ್ತಾಜ್ ಶಾಂತಿಗೆ ಕಂಠವಾದವರು ಇವರೇ. ಮರುವರ್ಷ ನೌಷಾದ್ ಅವರ ‘ರತನ್’, 1947ರಲ್ಲಿ ಸಿ. ರಾಮಚಂದ್ರ ಅವರ ‘ಶೆಹನಾಯಿ’ ಬಂದವು. 1948ರ ‘ಶೆಹನಾಜ್’ ಚಿತ್ರಕ್ಕಂತೂ ಅವರು ತಾವೇ ಸಂಗೀತ ನಿರ್ದೇಶನ ಮಾಡಿದರು. ಹೆಣ್ಣುಮಕ್ಕಳು ಸಂಗೀತ ನಿರ್ದೇಶಕರ ಕುರ್ಚಿಯಲ್ಲಿ ಕೂರುವುದು ಇಂದಿಗೂ ಅಪರೂಪವಾಗಿರುವಾಗ, ಈ ಸಂಗತಿಯನ್ನು ನಮ್ಮ ಪಠ್ಯಪುಸ್ತಕಗಳಲ್ಲಾದರೂ ಸೇರಿಸಬಾರದೇ ಎಂದು ನಾನು ಅನೇಕ ಸಲ ಯೋಚಿಸಿದ್ದೇನೆ.

ಅವರ ಹೆಸರು ಮಸುಕಾಗಲು ಕಾಲದ ರೀತಿಯೂ ಕಾರಣ. ತೆರೆಯ ಹಿಂದೆ ಹಾಡಿದವರ ಹೆಸರನ್ನು ಗ್ರಾಮಫೋನ್ ತಟ್ಟೆಯ ಮೇಲೆ ಅಚ್ಚು ಹಾಕಲೇಬೇಕೆಂಬ ಕಟ್ಟುಪಾಡು ಆಗ ಇರಲಿಲ್ಲ. 1949ರ ‘ಮಹಲ್’ ಚಿತ್ರದ ತಟ್ಟೆಯ ಮೇಲೆ ಲತಾ ಅವರ ಹೆಸರಿನ ಬದಲು ಪಾತ್ರದ ಹೆಸರಾದ ‘ಕಾಮಿನಿ’ ಎಂದೇ ಇತ್ತು. ಅದೇ ಚಿತ್ರದ ನಂತರ ಸಂಗೀತ ನಿರ್ದೇಶಕರು ಬಯಸುವ ಕಂಠವೇ ಬದಲಾಯಿತು. ಅಮೀರ್‌ಬಾಯಿ, ಜೊಹ್ರಾಬಾಯಿ ಅಂಬಾಲೆವಾಲಿ ಅವರಂಥವರ ಭಾರದ, ಬಯಲಿಗೆ ಕೇಳಿಸುವಂಥ ದನಿಗೆ ಅವಕಾಶಗಳು ಕಡಿಮೆಯಾದವು. ಅಮೀರ್‌ಬಾಯಿ ಪೋಷಕ ಪಾತ್ರಗಳ ಅಭಿನಯಕ್ಕೆ ತಿರುಗಿದರು, 1965ರಲ್ಲಿ ತೀರಿಕೊಂಡರು. ವಿಜಯಪುರದ ಹಿರಿಯರಿಗೆ ಅವರ ಹೆಸರು ಅಮೀರ್ ಟಾಕೀಸ್ ಎಂಬ ಚಿತ್ರಮಂದಿರದಿಂದ ನೆನಪಿದೆಯೇ ಹೊರತು, ಹಾಡಿನಿಂದ ನೆನಪಿರುವವರು ಕಡಿಮೆ. ರಾಜ್ಯಗಳ ಏಕೀಕರಣಕ್ಕೆ ಎಷ್ಟೋ ವರ್ಷ ಮೊದಲು, ವಿಜಯಪುರ ಇನ್ನೂ ಮುಂಬಯಿ ಪ್ರಾಂತ್ಯದಲ್ಲಿದ್ದಾಗಲೇ, ‘ಕರ್ನಾಟಕಿ’ ಎಂಬ ಹೆಸರನ್ನು ಹೊತ್ತು ದೇಶದಾದ್ಯಂತ ಕೇಳಿಸಿಕೊಂಡ ಕಲಾವಿದೆ ಅವರು.

ಈಗ ಆತಂಕದ ವಿಷಯವೆಂದರೆ ಆ ತಟ್ಟೆಗಳ ಸ್ಥಿತಿ. ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದ ಅವು ಅರಗಿನಿಂದ ಮಾಡಿದವು, ಕೈಜಾರಿದರೆ ಗಾಜಿನಂತೆ ಒಡೆಯುತ್ತವೆ. ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷದ ಹಾಡು. ಪ್ರತಿ ಸಲ ಉಕ್ಕಿನ ಮುಳ್ಳು ಹರಿದಾಗಲೂ ಗೆರೆ ಒಂದಿಷ್ಟು ಸವೆಯುತ್ತದೆ. ಉತ್ತರ ಕರ್ನಾಟಕದ ಹಳೆಯ ವಾಡೆಗಳ ಅಟ್ಟದ ಮೇಲೆ ಬಿದ್ದಿರುವ ಇಂಥ ಪೆಟ್ಟಿಗೆಗಳು ಮನೆ ಕೆಡವುವಾಗ ಗುಜರಿಗೆ ಹೋಗುತ್ತಿವೆ.

ಆದ್ದರಿಂದ ವಿಜಯಪುರದಲ್ಲೇ ಇರುವ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವು ಅಮೀರ್‌ಬಾಯಿ ಅವರ ಧ್ವನಿಮುದ್ರಿಕೆಗಳ ಸಂಗ್ರಹವೊಂದನ್ನು ಆರಂಭಿಸಬೇಕು, ಅದಕ್ಕೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಹಣ ಒದಗಿಸಬೇಕು ಎಂದು ವಿನಂತಿಸುತ್ತೇನೆ. ನಮ್ಮ ಕೃತಿಸ್ವಾಮ್ಯ ಕಾಯ್ದೆಯಂತೆ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮೇಲೆ 60 ವರ್ಷಕ್ಕೆ ಮುಗಿಯುತ್ತದೆ. ನಲವತ್ತರ ದಶಕದ ಮುದ್ರಣಗಳ ಅವಧಿ ಎಂದೋ ದಾಟಿದೆ. ಸಾಹಿತ್ಯ ಮತ್ತು ರಾಗಸಂಯೋಜನೆಯ ಹಕ್ಕುಗಳು ಬೇರೆಯಾದ್ದರಿಂದ ಅವುಗಳ ಬಗ್ಗೆ ಕಾನೂನು ಬಲ್ಲವರ ಸಲಹೆ ಬೇಕಾದೀತು, ಆದರೆ ತಟ್ಟೆಗಳನ್ನು ಕಲೆಹಾಕಿ ಜೋಪಾನ ಮಾಡುವ ಕೆಲಸ ಅದಕ್ಕಾಗಿ ಕಾಯಬೇಕಿಲ್ಲ. ಮನೆಯಲ್ಲಿ ತಟ್ಟೆಗಳಿರುವವರು ಅವನ್ನು ಒಂದರ ಮೇಲೊಂದು ಪೇರಿಸದೆ, ಬಿಸಿಲು ತಾಗದ ಕಡೆ ನೆಟ್ಟಗೆ ನಿಲ್ಲಿಸಿಡಲಿ. ಬಾನುಲಿಯ ನಿರೂಪಕರು ಜೋಡಿ ಹಾಡುಗಳನ್ನು ಕೇಳಿಸುವಾಗ ಇಬ್ಬರು ಗಾಯಕಿಯರ ಹೆಸರನ್ನೂ ಹೇಳಲಿ.

– ಹಳೆಯ ಹಾಡುಗಳ ಕೇಳುಗ, ವಿಜಯಪುರ