ಸೈಲೆನ್ಸರ್ ಬದಲಾಯಿಸಿದವರು ಜೆಟ್ ಕಡೆಗೂ ನೋಡಲಿ

ಸಂಪಾದಕರೇ,

ಪೊಲೀಸರು ಹಿಡಿದ ಸೈಲೆನ್ಸರ್‌ಗಳನ್ನು ರಸ್ತೆ ಮೇಲೆ ಸಾಲಾಗಿ ಜೋಡಿಸಿ ರೋಡ್ ರೋಲರ್ ಹತ್ತಿಸುವ ಫೋಟೊ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಅದಕ್ಕೆ ನನ್ನ ತಕರಾರಿಲ್ಲ. ರಾತ್ರಿ ಹನ್ನೊಂದು ಗಂಟೆಗೆ ಬಿ.ಎಚ್. ರಸ್ತೆಯಲ್ಲಿ ಪಟಪಟ ಅನ್ನಿಸಿಕೊಂಡು ಹೋದರೆ ಮನೆಯಲ್ಲಿ ಕೂಸು ಮಲಗಿಸಿದವರ ಗತಿ ಏನು? ಆದರೆ ಆ ಸುದ್ದಿಗಳಲ್ಲಿ ಒಂದು ವಿಷಯ ಬರುವುದೇ ಇಲ್ಲ. ಸದ್ದು ಊರಿನವರಿಗೆ ತೊಂದರೆ, ಸರಿ. ಆದರೆ ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರ್ ಇರುವ ಗಾಡಿಗೆ ಸೈಲೆನ್ಸರ್, ಏರ್ ಫಿಲ್ಟರ್ ಬದಲಾಯಿಸಿ, ಪೆಟ್ರೋಲ್ ಎಷ್ಟು ಹೋಗಬೇಕು ಅಂತ ತೀರ್ಮಾನಿಸುವ ತೂತಿನ ಬಿಡಿಭಾಗ, ಅಂದರೆ ಜೆಟ್ ಮಾತ್ರ ಹಳೆಯದೇ ಬಿಟ್ಟರೆ ಓಡಿಸುವವನ ಜೀವಕ್ಕೇ ಕುತ್ತು. ನನಗೆ ಇದು ಗೊತ್ತಾಗಿದ್ದು ಹೈವೇ ಮೇಲೆ.

ನನ್ನ ಹತ್ತಿರ ಒಂದು ಯಮಹಾ ಆರ್‌ಎಕ್ಸ್ 100 ಬೈಕ್ ಇದೆ. ಚಿಕ್ಕಪ್ಪ ಓಡಿಸಿ ಬಿಟ್ಟ ಗಾಡಿ. 98 ಸಿಸಿ, ಟೂ ಸ್ಟ್ರೋಕ್. 1996ಕ್ಕೇ ತಯಾರಿಕೆ ನಿಂತರೂ ನಮ್ಮ ತುಮಕೂರಿನಲ್ಲಿ ಇವತ್ತಿಗೂ ಹುಡುಗರು ಅದನ್ನು ಹುಡುಕಿಕೊಂಡು ಅಲೆಯುತ್ತಾರೆ. ನಾನೂ ಆಸೆಪಟ್ಟು ಬೋರ್ ಮಾಡಿಸಿ, ಅಂದರೆ ಸಿಲಿಂಡರ್ ಕೊರೆಸಿ ಅಗಲ ಮಾಡಿಸಿ, ದೊಡ್ಡ ಪಿಸ್ಟನ್ ಹಾಕಿಸಿದೆ, ಫಿಲ್ಟರ್ ಡಬ್ಬ ತೆಗೆಸಿ ಕೋನ್ ಫಿಲ್ಟರ್ ಕೂರಿಸಿದೆ, ಹೊಟ್ಟೆ ದಪ್ಪ ಇರುವ ಆ ರೇಸಿಂಗ್ ಸೈಲೆನ್ಸರ್ ಕೂಡ ಹಾಕಿಸಿದೆ. ಕೆಲಸ ಮಾಡಿದವರು ಕೊನೆಗೆ ಸ್ಕ್ರೂಡ್ರೈವರ್ ಹಿಡಿದು ಕಾರ್ಬುರೇಟರ್ ಪಕ್ಕದ ಏರ್ ಸ್ಕ್ರೂ ಅರ್ಧ ಸುತ್ತು ತಿರುಗಿಸಿದರು, ಎರಡು ಸಲ ರೇಸ್ ಮಾಡಿದರು, "ಕಾರ್ಬುರೇಟರ್ ಸೆಟ್ ಆಯ್ತು ಸಾರ್, ತಗೊಂಡು ಹೋಗಿ" ಅಂದರು.

ಮೊದಲ ವಾರ ಗಾಡಿ ಗಾಳಿಯ ಹಾಗೆ ಹೋಯಿತು. ಮೋಸ ಇರುವುದೇ ಇಲ್ಲಿ. ಪೆಟ್ರೋಲ್ ಸ್ವಲ್ಪ ಕಮ್ಮಿಯಾದಾಗ ಎಂಜಿನ್ ಇನ್ನೂ ಚುರುಕಾಗಿ ಓಡುವ ಹಾಗೆ ಕಾಣುತ್ತದೆ, ಸಾಯುವ ಮುಂಚೆ. ಡಿಸೆಂಬರ್ ತಿಂಗಳ ಒಂದು ಬೆಳಗ್ಗೆ ಬೆಂಗಳೂರಿಗೆ ಹೊರಟಿದ್ದೆ. ಡಾಬಸ್‌ಪೇಟೆ ಹತ್ತಿರ ಎಕ್ಸಿಲರೇಟರ್ ಪೂರ್ತಿ ತಿರುಗಿಸಿಕೊಂಡು ಹೋಗುತ್ತಿದ್ದಾಗ ಎಂಜಿನ್ ಒಮ್ಮೆಲೇ ಹಿಡಿದುಕೊಂಡಿತು, ಹಿಂದಿನ ಚಕ್ರ ತಿರುಗುವುದು ನಿಂತು ಕಿರ್ರ್ ಅಂತ ಎಳೆದುಕೊಂಡು ಹೋಯಿತು, ನನ್ನ ಕೈ ತಾನಾಗಿ ಕ್ಲಚ್ ಹಿಡಿಯದಿದ್ದರೆ ಹಿಂದೆ ಬರುತ್ತಿದ್ದ ಲಾರಿ ಕೆಳಗೆ ಇರುತ್ತಿದ್ದೆ. ಪಿಸ್ಟನ್ ಬಿಚ್ಚಿ ನೋಡಿದರೆ ಸೈಲೆನ್ಸರ್ ಕಡೆಯ ಭಾಗದಲ್ಲಿ ಉದ್ದಕ್ಕೂ ಗೀರು. ಸ್ಪಾರ್ಕ್ ಪ್ಲಗ್ ತುದಿ ಸುಣ್ಣ ಬಳಿದ ಹಾಗೆ ಬೆಳ್ಳಗೆ.

ಯಾಕೆ ಹೀಗಾಯಿತು? ಕಾರ್ಬುರೇಟರ್‌ಗೆ ಬುದ್ಧಿ ಇಲ್ಲ. ಎಷ್ಟು ಗಾಳಿ ಬಂತು ಅಂತ ಅಳೆದು ಅದಕ್ಕೆ ತಕ್ಕಂತೆ ಪೆಟ್ರೋಲ್ ಕೊಡುವ ಸೆನ್ಸರ್ ಅದರಲ್ಲಿಲ್ಲ. ಹಿತ್ತಾಳೆಯ ಒಂದು ಪುಟ್ಟ ಜೆಟ್ಟಿನ ತೂತು ಎಷ್ಟಿದೆಯೋ ಅದಕ್ಕೆ ತಕ್ಕಷ್ಟೇ ಪೆಟ್ರೋಲ್. ಒಂದು ಗ್ರಾಂ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಕೋನ್ ಫಿಲ್ಟರ್ ಹಾಕಿದಾಗ ಗಾಳಿ ಜಾಸ್ತಿ ಸಲೀಸಾಗಿ ಒಳಗೆ ಬಂತು, ಆದರೆ ಜೆಟ್ ತೂತು ಅಷ್ಟೇ ಉಳಿಯಿತು. ಮಿಶ್ರಣ ಲೀನ್ ಆಯಿತು, ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಲೀನ್ ಆದರೆ ಬಿಸಿ ಏರುತ್ತದೆ. ಟೂ ಸ್ಟ್ರೋಕ್‌ನಲ್ಲಿ ಇನ್ನೊಂದು ಕಷ್ಟ ಇದೆ. ಪಿಸ್ಟನ್ನಿಗೆ ಬೇಕಾದ ಆಯಿಲ್ ಅಲ್ಲಿ ಪೆಟ್ರೋಲ್ ಜೊತೆಗೇ ಒಳಗೆ ಹೋಗುತ್ತದೆ. ನನ್ನ ಹಾಗೆ ಆಯಿಲ್ ಪಂಪ್ ಬಂದ್ ಮಾಡಿ ಟ್ಯಾಂಕಿಗೇ ಆಯಿಲ್ ಬೆರೆಸುವವರ ಗಾಡಿಯಲ್ಲಿ ಪೆಟ್ರೋಲ್ ಕಮ್ಮಿ ಹೋದರೆ ಆಯಿಲ್ ಕೂಡ ಕಮ್ಮಿ ಹೋಗುತ್ತದೆ. ಚಳಿಗಾಲದ ಬೆಳಗಿನ ಗಾಳಿ ದಟ್ಟ, ಆಮ್ಲಜನಕ ಜಾಸ್ತಿ, ಹಾಗಾಗಿ ಇನ್ನಷ್ಟು ಲೀನ್. ಎಲ್ಲಾ ಒಂದೇ ದಿನ ಕೂಡಿ ಬಂತು.

ನಮ್ಮಲ್ಲಿ ಹೆಚ್ಚಿನವರು ಟ್ಯೂನಿಂಗ್ ಅಂದರೆ ಏರ್ ಸ್ಕ್ರೂ ತಿರುಗಿಸುವುದು ಅಂತಲೇ ತಿಳಿದಿದ್ದಾರೆ. ಆ ಸ್ಕ್ರೂ ಮತ್ತು ಪೈಲಟ್ ಜೆಟ್ಟಿನ ಆಟ ನಡೆಯುವುದು ಐಡ್ಲಿಂಗಿನಿಂದ ಹೆಚ್ಚೆಂದರೆ ಕಾಲು ಭಾಗ ಎಕ್ಸಿಲರೇಟರ್‌ವರೆಗೆ. ಅಲ್ಲಿಂದ ಮುಕ್ಕಾಲು ಭಾಗದವರೆಗೆ ಕಾರ್ಬುರೇಟರ್ ಒಳಗಿನ ಸೂಜಿ, ಅಂದರೆ ನೀಡಲ್ ಮುಖ್ಯ, ಅದರ ಕ್ಲಿಪ್ ಒಂದು ಕಚ್ಚು ಕೆಳಗಿಟ್ಟರೆ ನೀಡಲ್ ಮೇಲೇರಿ ಪೆಟ್ರೋಲ್ ಜಾಸ್ತಿ ಹೋಗುತ್ತದೆ. ಮುಕ್ಕಾಲಿನಿಂದ ಪೂರ್ತಿವರೆಗೆ ಮೇನ್ ಜೆಟ್. ನನ್ನ ಗಾಡಿ ಹಿಡಿದುಕೊಂಡಿದ್ದು ಪೂರ್ತಿ ತಿರುಗಿಸಿದಾಗ. ಅಲ್ಲಿ ಏರ್ ಸ್ಕ್ರೂ ಎಷ್ಟು ತಿರುಗಿಸಿದರೂ ಏನೂ ಆಗುವುದಿಲ್ಲ, ಅಲ್ವಾ? ಅಂಗಡಿ ಮುಂದೆ ನಿಲ್ಲಿಸಿ ರೇಸ್ ಮಾಡಿದರೂ ಗೊತ್ತಾಗುವುದಿಲ್ಲ, ಯಾಕೆಂದರೆ ಎಂಜಿನ್ ಮೇಲೆ ಭಾರವೇ ಬಿದ್ದಿರುವುದಿಲ್ಲ. ನಾನು ಈಗ ಎಕ್ಸಿಲರೇಟರ್ ಹಿಡಿಗೆ ಬಿಳಿ ಟೇಪು ಅಂಟಿಸಿ ಕಾಲು, ಅರ್ಧ, ಮುಕ್ಕಾಲು ಅಂತ ಗೆರೆ ಹಾಕಿಕೊಂಡಿದ್ದೇನೆ. ಎಲ್ಲಿ ತಡವರಿಸುತ್ತದೆ ಅಂತ ಕಣ್ಣಿಗೇ ಕಾಣುತ್ತದೆ.

ಜೆಟ್ ಮುಟ್ಟುವ ಮುಂಚೆ ಗಾಳಿ ಸೋರುತ್ತಿಲ್ಲ ಅಂತ ಖಚಿತ ಮಾಡಿಕೊಳ್ಳಬೇಕು. ಕಾರ್ಬುರೇಟರ್ ಮತ್ತು ಎಂಜಿನ್ ನಡುವಿನ ರಬ್ಬರ್ ಬಿರುಕು ಬಿಟ್ಟಿದ್ದರೆ ಯಾವ ಜೆಟ್ ಹಾಕಿದರೂ ಸುಮ್ನೆ ದುಡ್ಡು ದಂಡ. ಐಡ್ಲಿಂಗ್ ತಾನಾಗಿ ಏರಿ ಇಳಿಯಲು ಹೊತ್ತು ತೆಗೆದುಕೊಂಡರೆ ಮೊದಲು ಅಲ್ಲೇ ನೋಡಿ.

ಆಮೇಲೆ ಯಾವಾಗಲೂ ದೊಡ್ಡ ಮೇನ್ ಜೆಟ್ಟಿನಿಂದ ಶುರು ಮಾಡಿ ಇಳಿಯುತ್ತಾ ಬರಬೇಕು. ದೊಡ್ಡದಾದರೆ ಗಾಡಿ ಗೊಳಗೊಳ ಅನ್ನುತ್ತದೆ, ಹೊಗೆ ಬಿಡುತ್ತದೆ, ಪ್ಲಗ್ ಮಸಿ ಹಿಡಿಯುತ್ತದೆ, ಅಷ್ಟೇ. ಚಿಕ್ಕದಾದರೆ ಪಿಸ್ಟನ್ ಹೋಗುತ್ತದೆ. ನಾನು ಭಾನುವಾರ ಬೆಳಗ್ಗೆ ವಸಂತನರಸಾಪುರದ ಕೈಗಾರಿಕಾ ಪ್ರದೇಶದ ಖಾಲಿ ರಸ್ತೆಗೆ ಹೋಗುತ್ತೇನೆ, ಹೆಲ್ಮೆಟ್ ಹಾಕಿಕೊಂಡು. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಹೊಸ ಪ್ಲಗ್ ಹಾಕಿ, ಮೂರನೇ ಗೇರಿನಲ್ಲಿ ಸ್ವಲ್ಪ ದೂರ ಪೂರ್ತಿ ತಿರುಗಿಸಿ ಹೋಗಿ, ಎಕ್ಸಿಲರೇಟರ್ ಬಿಡುವ ಮುಂಚೆಯೇ ಕ್ಲಚ್ ಹಿಡಿದು ಕೀ ಆಫ್. ನಿಧಾನವಾಗಿ ಓಡಿಸಿಕೊಂಡು ಮನೆಗೆ ಬಂದು ಪ್ಲಗ್ ನೋಡಿದರೆ ಪ್ರಯೋಜನ ಇಲ್ಲ, ಬಣ್ಣ ಬದಲಾಗಿರುತ್ತದೆ. ಅಲ್ಲೇ ಬಿಚ್ಚಿ ಬಿಳಿ ಪಿಂಗಾಣಿಯ ಬುಡದಲ್ಲಿ ಟಾರ್ಚ್ ಹಿಡಿದು ನೋಡಬೇಕು. ಟೀ ಬಿಸ್ಕತ್ತಿನ ಬಣ್ಣದ ಉಂಗುರ ಕಂಡರೆ ಸರಿ. ಬೆಳ್ಳಗಿದ್ದರೆ ಲೀನ್ ಅಂತ ಅರ್ಥ, ಅಲ್ಲಿಂದ ಮುಂದೆ ಪೂರ್ತಿ ತಿರುಗಿಸಲೇಬಾರದು, ಜೆಟ್ ಬದಲಾಯಿಸಿಯೇ ಮುಂದಿನ ಮಾತು. ನನಗೆ ನಾಲ್ಕು ಭಾನುವಾರ ಹಿಡಿಯಿತು.

ಇನ್ನೊಂದು ಕೆಟ್ಟ ಅಭ್ಯಾಸದ ಬಗ್ಗೆ ಹೇಳಲೇಬೇಕು. ಜೆಟ್ಟಿನಲ್ಲಿ ಕಸ ಕಟ್ಟಿಕೊಂಡರೆ ತಂತಿ ಚುಚ್ಚುವುದು, ಅಥವಾ ದೊಡ್ಡ ಜೆಟ್ ಸಿಗಲಿಲ್ಲ ಅಂತ ಸಣ್ಣ ಡ್ರಿಲ್ ಹಾಕಿ ತೂತು ಹಿಗ್ಗಿಸುವುದು. ಹಿತ್ತಾಳೆ ಮೆತ್ತಗಿನ ಲೋಹ. ಗೀರು ಬಿದ್ದರೂ ಪೆಟ್ರೋಲ್ ಹರಿಯುವ ಲೆಕ್ಕ ತಪ್ಪುತ್ತದೆ, ತೂತಿನ ಅಳತೆ ಹೇಳುವ ಜೆಟ್ ಮೇಲಿನ ನಂಬರಿಗೆ ಅರ್ಥವೇ ಉಳಿಯುವುದಿಲ್ಲ. ಮುಂದೆ ಆ ಗಾಡಿ ಮುಟ್ಟುವವನು ನಂಬರ್ ನೋಡಿ ಮೋಸ ಹೋಗುತ್ತಾನೆ. ಕಾರ್ಬುರೇಟರ್ ಕ್ಲೀನರ್ ಹಾಕಿ ಗಾಳಿ ಊದಿದರೆ ಸಾಕು.

ಎಂಜಿನ್‌ಗೆ ಏನೂ ಮಾಡಿಸದೆ ಹಳೇ ಗಾಡಿ ಓಡಿಸುವವರೂ ಇದನ್ನು ಗಮನಿಸಬೇಕು. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಇ20 ಪೆಟ್ರೋಲ್ ಬಿಡುಗಡೆಯಾಯಿತು. ನಮ್ಮ ಗುಬ್ಬಿ ತಾಲೂಕಿನ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆ ಆಗಿದ್ದೂ ಅದೇ ದಿನ, ಊರಿಗೆಲ್ಲ ಅದೇ ಸುದ್ದಿ, ಪೆಟ್ರೋಲ್ ಕಡೆ ನಮ್ಮಲ್ಲಿ ಯಾರೂ ಅಷ್ಟು ಗಮನ ಕೊಡಲಿಲ್ಲ. ಇ20 ಅಂದರೆ ನೂರಕ್ಕೆ ಇಪ್ಪತ್ತು ಭಾಗ ಎಥನಾಲ್. ಎಥನಾಲ್ ಉರಿಯಲು ಒಂಬತ್ತು ಪಾಲು ಗಾಳಿ ಸಾಕು. ಹಾಗಾಗಿ ಬೆರಕೆ ಪೆಟ್ರೋಲಿಗೆ 14.7ರ ಬದಲು ಸುಮಾರು 13.5 ಪಾಲು ಗಾಳಿ ಸರಿಹೋಗುತ್ತದೆ. ಅಂದರೆ ಮೊದಲಿನಷ್ಟೇ ಬರುವ ಗಾಳಿ ಈಗ ಹೆಚ್ಚಾಯಿತು; ಅದೇ ಜೆಟ್, ಅದೇ ಗಾಡಿ, ಏನೂ ಮುಟ್ಟದಿದ್ದರೂ ಮೊದಲಿಗಿಂತ ಲೀನ್. 2020ರ ಏಪ್ರಿಲ್ ನಂತರ ಹೊಗೆ ಕಮ್ಮಿ ಮಾಡುವ ಬಿಎಸ್6 ನಿಯಮ ಬಂದು ಹೆಚ್ಚಿನ ಹೊಸ ಬೈಕುಗಳಲ್ಲಿ ಕಾರ್ಬುರೇಟರ್ ಹೋಗಿ ಫ್ಯುಯಲ್ ಇಂಜೆಕ್ಷನ್ ಬಂತು, ಅಲ್ಲಿ ಕಂಪ್ಯೂಟರ್ ಸರಿಮಾಡಿಕೊಳ್ಳಲು ನೋಡುತ್ತದೆ. ಹಳೇ ಬುಲೆಟ್‌ಗೆ, ಹಳೇ ಸ್ಪ್ಲೆಂಡರ್‌ಗೆ ಸರಿಮಾಡುವವರು ಯಾರು? ಎಕ್ಸಿಲರೇಟರ್ ಬಿಟ್ಟಾಗ ಸೈಲೆನ್ಸರಿನಲ್ಲಿ ಪಟ್ ಪಟ್ ಅನ್ನುವುದು, ಚೋಕ್ ಎಳೆದರೆ ಮಾತ್ರ ಚೆನ್ನಾಗಿ ಓಡುವುದು, ಇವೆಲ್ಲ ಬಹಳ ಸಲ ಲೀನ್ ಆದ ಗುರುತೇ. ನನ್ನ ಗಾಡಿಗೆ ಬೋರ್ ಮತ್ತು ಫಿಲ್ಟರ್ ಲೆಕ್ಕ ಮುಗಿದ ಮೇಲೂ ಮೇನ್ ಜೆಟ್ ಇನ್ನೊಂದು ನಂಬರ್ ಏರಿಸಬೇಕಾಯಿತು.

ಊರು ಬದಲಾದರೂ ಲೆಕ್ಕ ಬದಲಾಗುತ್ತದೆ. ತುಮಕೂರು ಸಮುದ್ರ ಮಟ್ಟಕ್ಕಿಂತ 800 ಮೀಟರಿಗೂ ಮೇಲಿದೆ. ಇಲ್ಲಿ ಬಿಗಿಯಾಗಿ ಸೆಟ್ ಮಾಡಿದ ಗಾಡಿ ಶಿರಾಡಿ ಘಾಟ್ ಇಳಿದು ಮಂಗಳೂರಿಗೆ ಹೋದರೆ ಅಲ್ಲಿನ ದಟ್ಟ ಗಾಳಿಗೆ ಲೀನ್ ಆಗುತ್ತದೆ. ಟ್ಯಾಂಕಿಗೆ ಆಯಿಲ್ ಬೆರೆಸುವವರು ದೇವರಾಯನದುರ್ಗ ಇಳಿಯುವಾಗಲೂ ಹುಷಾರು. ಎಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಇಳಿದರೆ ಎಂಜಿನ್ ಜೋರಾಗಿ ಸುತ್ತುತ್ತದೆ, ಆಯಿಲ್ ಮಾತ್ರ ಹೋಗುವುದಿಲ್ಲ. ಆಗಾಗ ಸ್ವಲ್ಪ ತಿರುಗಿಸಿ ಬಿಡಬೇಕು.

ಗಾಡಿಗೆ ಹೀಗೆಲ್ಲ ಮಾಡಿಸುವುದೇ ತಪ್ಪಲ್ಲವೇ ಅಂತ ಕೇಳುವವರಿದ್ದಾರೆ. ಕಾನೂನು ಸ್ಪಷ್ಟವಾಗಿದೆ, ಅನುಮತಿ ಇಲ್ಲದೆ ಬದಲಾವಣೆ ಮಾಡಿದರೆ ಒಂದೊಂದಕ್ಕೂ ಐದು ಸಾವಿರ ರೂಪಾಯಿ ದಂಡ ಇದೆ. ನಾನು ಆ ಸೈಲೆನ್ಸರ್ ತೆಗೆದು ಕಂಪನಿಯ ಸೈಲೆನ್ಸರನ್ನೇ ವಾಪಸ್ ಹಾಕಿ, ಫಿಲ್ಟರ್ ಡಬ್ಬ ಕೂರಿಸಿ, ಮತ್ತೆ ಮೊದಲಿನಿಂದ ಜೆಟ್ ನೋಡಿದ್ದೇನೆ. ಹೌದು, ವಾಪಸ್ ಹಾಕಿದಾಗಲೂ ನೋಡಬೇಕು. ಪೊಲೀಸರು ಸೈಲೆನ್ಸರ್ ಕಿತ್ತ ಮೇಲೆ ಹುಡುಗರು ಹಳೆಯದನ್ನು ತಂದು ಸಿಕ್ಕಿಸಿಕೊಂಡು ಹೋಗುತ್ತಾರೆ, ಒಳಗೆ ಯಾವ ಜೆಟ್ ಇದೆ ಅಂತ ಯಾರೂ ಕೇಳುವುದಿಲ್ಲ.

ಅದಕ್ಕೇ ನನ್ನ ಕೋರಿಕೆ ಎರಡು ಕಡೆಗೆ. ನಮ್ಮ ಜಿಲ್ಲೆಯ ಐಟಿಐಗಳಲ್ಲಿ ಬೈಕ್ ರಿಪೇರಿ ಕಲಿಯುವ ಮಕ್ಕಳಿಗೆ ಒಂದು ದಿನವಾದರೂ ಕಾರ್ಬುರೇಟರ್ ಕೈಗೆ ಕೊಟ್ಟು ಜೆಟ್ ಬದಲಾಯಿಸಿ ಪ್ಲಗ್ ಓದುವುದನ್ನು ಕಲಿಸಲಿ. ಇದು ಚೆನ್ನಾಗಿ ಗೊತ್ತಿರುವ ಹಿರಿಯ ಮೆಕ್ಯಾನಿಕ್‌ಗಳು ಊರಲ್ಲಿ ಇನ್ನೂ ಇದ್ದಾರೆ, ಅವರನ್ನೇ ಕರೆಸಲಿ. ಬಿಡಿಭಾಗದ ಅಂಗಡಿಯವರು ಒಳ್ಳೆಯ ಕಂಪನಿಯ ಜೆಟ್ಟುಗಳನ್ನು ನಂಬರ್ ಪ್ರಕಾರ ಇಡಲಿ. ನಾನು ಒಂದು ಜೆಟ್ಟಿಗೆ ಬೆಂಗಳೂರಿನ ಜೆ.ಸಿ. ರಸ್ತೆವರೆಗೆ ಹೋಗಿ ಬಂದಿದ್ದೇನೆ, ಬಸ್ಸಿನಲ್ಲಿ.

ನಮ್ಮ ಪಕ್ಕದ ಬೀದಿಯ ಹುಡುಗ ಹೋದ ವಾರ ಹೊಸದಾಗಿ ಬೋರ್ ಮಾಡಿಸಿದ ಗಾಡಿ ತಂದು "ಅಣ್ಣ, ಹೇಗಿದೆ ಸೌಂಡ್?" ಅಂದ. ಪ್ಲಗ್ ಬಿಚ್ಚು ಅಂದೆ. ಬೆಳ್ಳಗಿತ್ತು. ಈಗ ಗಾಡಿ ನಮ್ಮ ಮನೆ ಮುಂದೆಯೇ ನಿಂತಿದೆ. ಈ ಭಾನುವಾರ ದೊಡ್ಡ ಜೆಟ್ ಹಾಕುತ್ತೇವೆ.

ಒಬ್ಬ ಓದುಗ
ಕ್ಯಾತ್ಸಂದ್ರ, ತುಮಕೂರು