ರಾತ್ರಿ ಟ್ಯಾಕ್ಸಿ ಪ್ರಯಾಣ: ಸದಸ್ಯರ ಗಮನಕ್ಕೆ

ಆತ್ಮೀಯ ಸದಸ್ಯರೇ,

ಆ್ಯಪ್ ಮೂಲಕ ಕರೆಸಿದ ಕ್ಯಾಬಿನಲ್ಲಿ ಚಾಲಕನ ಹೆಸರು, ಭಾವಚಿತ್ರ, ವಾಹನದ ಸಂಖ್ಯೆ, ಸಾಗುವ ದಾರಿ ಎಲ್ಲವೂ ದಾಖಲಾಗುವುದರಿಂದ, ರಸ್ತೆಬದಿಯಲ್ಲಿ ಕೈಬೀಸಿ ನಿಲ್ಲಿಸುವ ಟ್ಯಾಕ್ಸಿಗಿಂತ ಅದು ಸುರಕ್ಷಿತವೆಂದು ನಮ್ಮಲ್ಲಿ ಅನೇಕರು ನಂಬಿದ್ದೇವೆ. ಆದರೆ 2014ರ ಡಿಸೆಂಬರಿನಲ್ಲಿ ದೆಹಲಿಯ ಯುವತಿಯ ಮೇಲೆ ಅತ್ಯಾಚಾರ ನಡೆದದ್ದು ಇಂಥದೇ ಕ್ಯಾಬಿನಲ್ಲಿ. ಆ ಚಾಲಕನ ಮೇಲೆ ಹಿಂದೆಯೂ ಪ್ರಕರಣಗಳಿದ್ದವು. ಆ್ಯಪಿನಲ್ಲಿ ಹೆಸರಿದ್ದ ಮಾತ್ರಕ್ಕೆ ಪೂರ್ವಾಪರ ವಿಚಾರಣೆ ಸರಿಯಾಗಿ ಆಗಿದೆಯೆಂದು ಭಾವಿಸುವಂತಿಲ್ಲ.

ಆದ್ದರಿಂದ ನಂಬರ್ ಪ್ಲೇಟನ್ನೂ ಚಾಲಕನ ಮುಖವನ್ನೂ ಹೋಲಿಸಿ ನೋಡಿ, ಒಂದು ಹೊಂದದಿದ್ದರೂ, ಎಷ್ಟೇ ತಡವಾಗಿದ್ದರೂ, ದಯವಿಟ್ಟು ಹತ್ತಬೇಡಿ. ಬುಕಿಂಗ್ ರದ್ದು ಮಾಡಿ ನಗದು ಕೊಡಿ ಎಂದು ಚಾಲಕ ಕೇಳಿದರೆ ಖಂಡಿತ ಒಪ್ಪಬೇಡಿ, ಏಕೆಂದರೆ ಆಗ ಆ ಪ್ರಯಾಣದ ದಾಖಲೆಯೇ ಉಳಿಯುವುದಿಲ್ಲ. ಕೇಂದ್ರದ ನಿಯಮದಂತೆ 2019ರ ಜನವರಿ 1ರಿಂದ ನೋಂದಣಿಯಾದ ಟ್ಯಾಕ್ಸಿಗಳಲ್ಲಿ ತುರ್ತು ಗುಂಡಿ ಇರಬೇಕು. ಕುಳಿತೊಡನೆ ಅದು ಎಲ್ಲಿದೆಯೆಂದು ನೋಡಿಕೊಳ್ಳಿ. ಅಪಾಯವೆನಿಸಿದರೆ ಕೂಡಲೇ 112ಕ್ಕೆ ಕರೆ ಮಾಡಿ.